ತಿರುಗಿಸುವ ಮೊದಲು ಅಳೆಯಿರಿ: ಬೈಕಿನ ಶಾಕ್ ಅಬ್ಸಾರ್ಬರ್ ಹೊಂದಿಸುವ ಕ್ರಮ

ಸಂಡೂರಿನಿಂದ ರಾಯಚೂರಿನವರೆಗೆ ನಮ್ಮ ಭಾಗದಲ್ಲಿ ಓಡುವ ಹೆಚ್ಚಿನ ಬೈಕುಗಳ ಹಿಂದಿನ ಶಾಕ್ ಅಬ್ಸಾರ್ಬರ್‌ಗಳು ಎರಡರಲ್ಲಿ ಒಂದು ಸ್ಥಿತಿಯಲ್ಲಿರುತ್ತವೆ. ಷೋರೂಮಿನಿಂದ ಬಂದ ಹಂತವನ್ನು ಯಾರೂ ಮುಟ್ಟಿರುವುದಿಲ್ಲ, ಇಲ್ಲವೇ ಎಂದೋ ಭಾರ ಹೇರುವಾಗ ಪೂರ್ತಿ ಬಿಗಿ ಮಾಡಿದ್ದನ್ನು ಮತ್ತೆ ಸಡಿಲಿಸಿರುವುದಿಲ್ಲ. ಬೆಳಿಗ್ಗೆ 60 ಕಿಲೋ ತೂಕದ ಸವಾರ ಒಬ್ಬರೇ ತೋರಣಗಲ್ಲಿಗೆ ಕೆಲಸಕ್ಕೆ ಹೋಗುವ ಬೈಕು, ಸಂಜೆ ಹಿಂದೆ ಮತ್ತೊಬ್ಬರನ್ನು ಕೂರಿಸಿಕೊಂಡೋ 45 ಕಿಲೋ ಯೂರಿಯಾ ಚೀಲವನ್ನು ಕಟ್ಟಿಕೊಂಡೋ ಊರ ದಾರಿ ಹಿಡಿಯುತ್ತದೆ. ಈ ಎರಡಕ್ಕೂ ಒಂದೇ ಹೊಂದಿಕೆ ಸರಿಹೋಗುವುದು ಸಾಧ್ಯವಿಲ್ಲ. ಹೊಂದಿಸುವ ಅನುಕೂಲವಂತೂ ದುಬಾರಿ ಬೈಕುಗಳಿಗಷ್ಟೇ ಮೀಸಲಲ್ಲ. ಸ್ಪ್ಲೆಂಡರಿನಂತಹ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್‌ಗೂ ಐದು ಹಂತಗಳಿವೆ. ಅದನ್ನು ಅಂದಾಜಿನಿಂದಲ್ಲ, ಅಳತೆಯಿಂದ ಹೊಂದಿಸಬೇಕು ಎಂಬುದೇ ನನ್ನ ಮುಖ್ಯ ಮಾತು. ಒಂದು ಅಳತೆ ಟೇಪು, ಬೈಕಿನ ಜೊತೆ ಬರುವ ಕೊಕ್ಕೆಯಾಕಾರದ ಪಾನಾ, ಒಂದು ಪೆನ್ನು ಹಾಗೂ ನೆರವಿಗೆ ಇನ್ನೊಬ್ಬರಿದ್ದರೆ ಸಾಕು.

ಶಾಕ್ ಅಬ್ಸಾರ್ಬರ್ ಮುಟ್ಟುವ ಮೊದಲು ಗಾಳಿ ನೋಡಿ. ಟೈರಿನಲ್ಲಿ ಗಾಳಿ ಹೆಚ್ಚಿದ್ದರೆ ಸಣ್ಣ ಕಲ್ಲೂ ಬೆನ್ನಿಗೆ ತಟ್ಟುತ್ತದೆ, ಕಡಿಮೆಯಿದ್ದರೆ ತಿರುವಿನಲ್ಲಿ ಬೈಕು ಓಲಾಡುತ್ತದೆ, ಮತ್ತು ಈ ಎರಡು ದೋಷಗಳನ್ನೂ ಸವಾರರು ಸಾಮಾನ್ಯವಾಗಿ ಶಾಕ್ ಅಬ್ಸಾರ್ಬರ್ ಮೇಲೆ ಹೊರಿಸುತ್ತಾರೆ. ಒಬ್ಬರಿಗೆ ಎಷ್ಟು, ಇಬ್ಬರಿಗೆ ಎಷ್ಟು ಎಂಬ ಅಂಕಿ ಬೈಕಿನ ಕೈಪಿಡಿಯಲ್ಲಿ ಬೇರೆ ಬೇರೆಯಾಗಿ ಇರುತ್ತದೆ. ಗಾಳಿಯನ್ನು ಟೈರು ತಣ್ಣಗಿರುವಾಗ, ಅಂದರೆ ಬೆಳಿಗ್ಗೆ ಬೈಕು ಓಡಿಸುವುದಕ್ಕೆ ಮೊದಲು ಅಥವಾ ಮನೆಯ ಹತ್ತಿರದ ಅಂಗಡಿಯಲ್ಲಿಯೇ ಅಳೆಯಬೇಕು. ಉಷ್ಣತೆ 5 ರಿಂದ 6 ಡಿಗ್ರಿ ಸೆಲ್ಸಿಯಸ್ ಏರಿದಂತೆ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಆದ್ದರಿಂದ 40 ಡಿಗ್ರಿ ದಾಟುವ ನಮ್ಮ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನದಲ್ಲಿ, ಹೆದ್ದಾರಿಯಲ್ಲಿ ಓಡಿ ಬಂದ ಟೈರಿನ ಅಂಕಿ ಹೆಚ್ಚು ಕಂಡಿತೆಂದು ಗಾಳಿ ಬಿಡಬಾರದು. ಹಾಗೆ ಮಾಡಿದರೆ ಮರುದಿನ ಬೆಳಿಗ್ಗೆ ಗಾಳಿ ಸಾಲದಾಗುತ್ತದೆ. ಇದರ ಜೊತೆಗೆ ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗು) ಸಡಿಲವಾಗಿದೆಯೇ, ಹಿಂದಿನ ಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ಸ್ವಿಂಗ್ ಆರ್ಮ್‌ನ ಬುಷ್ ಸವೆದು ಚಕ್ರ ಅಡ್ಡಕ್ಕೆ ಅಲುಗುತ್ತಿದೆಯೇ, ಮುಂದಿನ ಚಕ್ರವನ್ನು ಹಿಡಿದಿರುವ ಜೋಡಿ ಕೊಳವೆಯ, ಅಂದರೆ ಫೋರ್ಕಿನ, ಸೀಲಿನಿಂದ ಎಣ್ಣೆ ಜಿನುಗುತ್ತಿದೆಯೇ ಎಂದು ನೋಡಿಬಿಡಿ. ಇವುಗಳಲ್ಲಿ ಒಂದಿದ್ದರೂ ಮುಂದಿನ ಅಳತೆಗಳಿಗೆ ಅರ್ಥವಿರುವುದಿಲ್ಲ.

ಬಿಗಿ ಮಾಡಿದರೆ ಏನಾಗುತ್ತದೆ

ಶಾಕ್ ಅಬ್ಸಾರ್ಬರ್‌ನ ಬುಡದಲ್ಲಿರುವ ಹಲ್ಲುಗಳ ಉಂಗುರವನ್ನು ತಿರುಗಿಸಿದಾಗ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಅದು ಸರಿಯಲ್ಲ, ಮತ್ತು ಇದನ್ನು ಬಿಡಿಸಿ ಹೇಳದೆ ಮುಂದೆ ಹೋಗುವಂತಿಲ್ಲ. ಆ ಉಂಗುರ ಬದಲಿಸುವುದು ಪ್ರೀಲೋಡನ್ನು, ಅಂದರೆ ಭಾರ ಬೀಳುವುದಕ್ಕೆ ಮೊದಲೇ ಸ್ಪ್ರಿಂಗನ್ನು ಎಷ್ಟು ಅದುಮಿ ಕೂರಿಸಲಾಗಿದೆ ಎಂಬುದನ್ನು ಮಾತ್ರ. ಒಂದು ಸ್ಪ್ರಿಂಗ್ ಪ್ರತಿ ಮಿಲಿಮೀಟರ್ ಕುಗ್ಗಲು 2 ಕಿಲೋ ಭಾರ ಬೇಕು ಎಂದುಕೊಳ್ಳಿ. ಅದನ್ನು 10 ಮಿಲಿಮೀಟರ್ ಅದುಮಿ ಕೂರಿಸಿದರೆ 20 ಕಿಲೋ ಬೀಳುವವರೆಗೂ ಅದು ಕದಲುವುದಿಲ್ಲ. ಕದಲಿದ ಮೇಲೆ ಮತ್ತೆ ಪ್ರತಿ ಮಿಲಿಮೀಟರಿಗೂ ಅದೇ 2 ಕಿಲೋ. 60 ಕಿಲೋ ಭಾರಕ್ಕೆ ಮೊದಲು 30 ಮಿಲಿಮೀಟರ್ ಕುಗ್ಗುತ್ತಿದ್ದ ಸ್ಪ್ರಿಂಗ್ ಈಗ 20 ಮಿಲಿಮೀಟರ್ ಕುಗ್ಗುತ್ತದೆ, ಅಷ್ಟೇ. ಬೈಕು ಎತ್ತರದಲ್ಲಿ ನಿಲ್ಲುತ್ತದೆ, ಆದರೆ ಸ್ಪ್ರಿಂಗ್‌ನ ಸ್ವಭಾವ ಬದಲಾಗಿರುವುದಿಲ್ಲ.

ಹಾಗಿದ್ದರೆ ಪೂರ್ತಿ ಬಿಗಿ ಮಾಡಿದ ಬೈಕು ಒಬ್ಬರೇ ಕೂತಾಗ ಅಷ್ಟೊಂದು ಕುಲುಕಾಡುವುದೇಕೆ? ಚಕ್ರ ಮೇಲಕ್ಕೆ ಏರುವುದಷ್ಟೇ ಅಲ್ಲ, ತಗ್ಗು ಬಂದಾಗ ಕೆಳಕ್ಕೂ ಇಳಿದು ನೆಲವನ್ನು ಹಿಡಿದಿರಬೇಕು. ಹಗುರ ಸವಾರನ ಕೆಳಗೆ ಬಿಗಿಯಾದ ಸ್ಪ್ರಿಂಗ್ ಬಹುತೇಕ ಪೂರ್ತಿ ಚಾಚಿಕೊಂಡೇ ಇರುವುದರಿಂದ ಕೆಳಕ್ಕೆ ಇಳಿಯಲು ಅದಕ್ಕೆ ಜಾಗವೇ ಉಳಿದಿರುವುದಿಲ್ಲ. ತಗ್ಗಿನ ಅಂಚಿನಲ್ಲಿ ಚಕ್ರ ಗಾಳಿಯಲ್ಲಿ ತೇಲಿ, ಆಚೆ ಅಂಚಿಗೆ ಬಂದು ಬಡಿಯುತ್ತದೆ. ಅದಿರು ಲಾರಿಗಳು ಓಡಾಡಿ ಡಾಂಬರು ಜಾರಿಹೋಗಿರುವ ರಸ್ತೆಯಲ್ಲಿ ಬ್ರೇಕ್ ಹಿಡಿದಾಗ ಹಿಂದಿನ ಚಕ್ರ ಕುಪ್ಪಳಿಸುವುದಕ್ಕೂ ಹೆಚ್ಚಾಗಿ ಇದೇ ಕಾರಣ.

ಅಳತೆಯ ಕ್ರಮ

ಬೈಕನ್ನು ಸಮತಟ್ಟಾದ ಸಿಮೆಂಟು ನೆಲದ ಮೇಲೆ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಹಿಂದಿನ ಚಕ್ರ ನೆಲದಿಂದ ಎದ್ದಿರುವಂತೆ ನೋಡಿಕೊಳ್ಳಿ. ಚಕ್ರದ ಆಕ್ಸಲ್ ನಟ್ಟಿನ ನಡುವಿನಿಂದ ನೇರವಾಗಿ ಮೇಲಕ್ಕೆ, ಸೀಟಿನ ಕೆಳಗಿನ ಪ್ಯಾನೆಲ್ಲಿನ ಮೇಲೆ ಒಂದು ಗುರುತು ಮಾಡಿಕೊಳ್ಳಿ. ನಟ್ಟಿನಿಂದ ಈ ಗುರುತಿನವರೆಗಿನ ಅಂತರವೇ ಮೊದಲನೆಯ ಅಳತೆ. ಬಳಿಕ ಸ್ಟ್ಯಾಂಡ್ ತೆಗೆದು, ಬೈಕನ್ನು ನೆಟ್ಟಗೆ ಹಿಡಿದು, ಅದರ ತೂಕವಷ್ಟೇ ಬಿದ್ದಿರುವಾಗ ಎರಡನೆಯ ಅಳತೆ ತೆಗೆಯಿರಿ. ಮೂರನೆಯದಕ್ಕೆ ನೀವು ದಿನವೂ ಓಡಿಸುವ ಉಡುಪಿನಲ್ಲಿ, ಹೆಲ್ಮೆಟ್ ಹಾಗೂ ಬ್ಯಾಗಿನ ಸಮೇತ, ಎರಡೂ ಪಾದಗಳನ್ನು ಫುಟ್‌ರೆಸ್ಟಿನ ಮೇಲಿಟ್ಟು ಕೂರಬೇಕು. ಒಬ್ಬರು ಮುಂದಿನಿಂದ ಹ್ಯಾಂಡಲ್ ಹಿಡಿದಿದ್ದರೆ, ಇನ್ನೊಬ್ಬರು ಟೇಪು ಹಿಡಿಯಲಿ. ನೆರವಿಗೆ ಒಬ್ಬರೇ ಇದ್ದರೆ ನೀವು ಮೊಣಕೈಯನ್ನು ಗೋಡೆಗೆ ಮೆಲ್ಲಗೆ ಆನಿಸಿಕೊಂಡರೂ ನಡೆಯುತ್ತದೆ. ಶಾಕ್ ಅಬ್ಸಾರ್ಬರ್‌ನೊಳಗಿನ ಉಜ್ಜಾಟದಿಂದ ಅಳತೆ ಕೆಲವು ಮಿಲಿಮೀಟರ್ ಆಚೀಚೆ ಆಗುತ್ತದೆ. ಆದ್ದರಿಂದ ಒಮ್ಮೆ ಹಿಂಬದಿಯನ್ನು ಅದುಮಿ ನಿಧಾನವಾಗಿ ಏರಲು ಬಿಟ್ಟು ಅಳೆಯಿರಿ, ಮತ್ತೊಮ್ಮೆ ತುಸು ಎತ್ತಿ ನಿಧಾನವಾಗಿ ಇಳಿಸಿ ಅಳೆಯಿರಿ, ಆಮೇಲೆ ಎರಡರ ಸರಾಸರಿ ತೆಗೆದುಕೊಳ್ಳಿ.

ಮೊದಲನೆಯದರಲ್ಲಿ ಮೂರನೆಯದನ್ನು ಕಳೆದರೆ ಸವಾರನ ಭಾರಕ್ಕೆ ಆದ ಕುಸಿತ ಸಿಗುತ್ತದೆ. ರಸ್ತೆಯ ಬೈಕಿಗೆ ಇದು ಚಕ್ರದ ಒಟ್ಟು ಚಲನೆಯ, ಅಂದರೆ ಅದು ಮೇಲೆ ಕೆಳಗೆ ಆಡಬಲ್ಲ ಪೂರ್ತಿ ದೂರದ, ನಾಲ್ಕನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇರಬೇಕು. ಹಿಂದಿನ ಚಕ್ರದ ಚಲನೆ 100 ಮಿಲಿಮೀಟರ್ ಆಗಿದ್ದರೆ 25 ರಿಂದ 33 ಮಿಲಿಮೀಟರ್ ಕುಸಿತ ಸರಿ. ನಮ್ಮ ರಸ್ತೆಗಳನ್ನು ನೋಡಿದರೆ ಮೂರನೆಯ ಒಂದು ಭಾಗದ ಕಡೆಗೇ ವಾಲುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಕುಸಿತ ಹೆಚ್ಚಿದ್ದರೆ ಒಂದು ಹಂತ ಬಿಗಿ ಮಾಡಿ, ಕಡಿಮೆಯಿದ್ದರೆ ಒಂದು ಹಂತ ಸಡಿಲಿಸಿ, ಮತ್ತೆ ಅಳೆಯಿರಿ. ಉಂಗುರ ತಿರುಗಿಸುವಾಗ ಬೈಕು ಡಬಲ್ ಸ್ಟ್ಯಾಂಡಿನ ಮೇಲೇ ಇರಬೇಕು. ಭಾರ ಬಿದ್ದಿರುವಾಗ ತಿರುಗಿಸಿದರೆ ಪಾನಾ ಜಾರಿ ಕೈಗೆ ಬಡಿಯುತ್ತದೆ. ಎರಡು ಶಾಕ್ ಅಬ್ಸಾರ್ಬರ್ ಇರುವ ಬೈಕಿನಲ್ಲಿ ಎಡಬಲ ಎರಡೂ ಒಂದೇ ಹಂತದಲ್ಲಿರಬೇಕು. ಸ್ಕ್ರೂ ಡ್ರೈವರ್ ಇಟ್ಟು ಸುತ್ತಿಗೆಯಿಂದ ಹೊಡೆದು ಉಂಗುರ ತಿರುಗಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಹಲ್ಲು ಮುರಿದರೆ ಮುಂದೆ ಅದು ಯಾವ ಹಂತದಲ್ಲೂ ಗಟ್ಟಿಯಾಗಿ ನಿಲ್ಲುವುದಿಲ್ಲ.

ಎರಡನೆಯ ಅಳತೆ ಯಾಕೆ ಬೇಕೆಂದರೆ, ಸ್ಪ್ರಿಂಗ್ ನಿಮ್ಮ ತೂಕಕ್ಕೆ ತಕ್ಕದ್ದೋ ಅಲ್ಲವೋ ಎಂಬುದನ್ನು ಅದು ಹೇಳುತ್ತದೆ. ನೀವು ಕೂತಾಗ ಕುಸಿತ ಸರಿಯಾಗಿದ್ದು, ನೀವು ಇಳಿದಾಗ ಬೈಕು ತನ್ನ ತೂಕಕ್ಕೆ ಸ್ವಲ್ಪವೂ ಕುಸಿಯದೆ ಪೂರ್ತಿ ಎದ್ದು ನಿಲ್ಲುತ್ತಿದ್ದರೆ, ಆ ಸ್ಪ್ರಿಂಗ್ ನಿಮಗೆ ಮೆದುವಾಯಿತು ಮತ್ತು ಅದನ್ನು ಬಿಗಿ ಮಾಡಿ ಮಾಡಿ ಎತ್ತರವನ್ನು ಒತ್ತಾಯದಿಂದ ಪಡೆದಿದ್ದೀರಿ ಎಂದರ್ಥ. ಅದೇ ಕುಸಿತಕ್ಕೆ ಬೈಕು ತನ್ನ ತೂಕಕ್ಕೇ ಬಹಳ ಇಳಿಯುತ್ತಿದ್ದರೆ ಸ್ಪ್ರಿಂಗ್ ನಿಮಗೆ ಗಟ್ಟಿಯಾಯಿತು. ಈ ಎರಡೂ ಸಂದರ್ಭಗಳಲ್ಲಿ ಉಂಗುರದಿಂದ ಪರಿಹಾರವಿಲ್ಲ. ಬೇರೆ ಸ್ಪ್ರಿಂಗ್ ಅಥವಾ ಬೇರೆ ಶಾಕ್ ಅಬ್ಸಾರ್ಬರ್ ಬೇಕಾಗುತ್ತದೆ.

ಭಾರ ಹೇರುವ ದಿನಗಳಿಗೆ ಇದೇ ಅಳತೆಯನ್ನು ಹಿಂದೆ ಒಬ್ಬರನ್ನು ಕೂರಿಸಿಕೊಂಡು ಮತ್ತೊಮ್ಮೆ ತೆಗೆದಿಟ್ಟುಕೊಳ್ಳಿ. ಹಿಂಬದಿ ಕುಸಿದ ಬೈಕಿನ ಮುಂಬದಿ ಹಗುರಾಗುತ್ತದೆ, ತಿರುವಿನಲ್ಲಿ ಅದು ಹೊರಕ್ಕೆ ಸರಿಯಲು ನೋಡುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ರಾತ್ರಿ ಸಿಂಧನೂರು ರಸ್ತೆಯಲ್ಲಿ ಎದುರಿನವರು ಮತ್ತೆ ಮತ್ತೆ ಡಿಪ್ ಮಾಡಿ ತೋರಿಸುತ್ತಿದ್ದರೆ ಅದನ್ನು ಹಿಂಬದಿ ಕುಸಿದಿರುವ ಸೂಚನೆ ಎಂದೂ ತಿಳಿಯಬಹುದು. ಚೀಲವನ್ನು ಕ್ಯಾರಿಯರಿನ ತುದಿಯಲ್ಲಿ ಕಟ್ಟಿದರೆ, ಅದರ ಭಾರ ಹಿಂದಿನ ಆಕ್ಸಲ್‌ಗಿಂತ ಹಿಂದೆ ಬಿದ್ದು ಮುಂದಿನ ಚಕ್ರವನ್ನು ಎತ್ತುವ ಬಲವಾಗುತ್ತದೆ. ಸೀಟಿಗೆ ಆದಷ್ಟು ಹತ್ತಿರ, ಆದಷ್ಟು ತಗ್ಗಿನಲ್ಲಿ ಕಟ್ಟುವುದು ಎರಡು ಹಂತ ಬಿಗಿ ಮಾಡುವುದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಭಾರ ಇಳಿಸಿದ ಕೂಡಲೇ ಹಂತವನ್ನೂ ಇಳಿಸಿ. ಸ್ವಿಂಗ್ ಆರ್ಮ್ ಮೇಲೆ ಕೆಳಗೆ ಆದಂತೆ ಚೈನಿನ ಸಡಿಲವೂ ಬದಲಾಗುವುದರಿಂದ, ಭಾರ ಹೇರುವ ಮೊದಲು ಅದು ಕೈಪಿಡಿ ಹೇಳಿದಷ್ಟಿದೆಯೇ ಎಂದು ನೋಡಬೇಕು.

ಡ್ಯಾಂಪಿಂಗ್

ಸ್ಪ್ರಿಂಗ್ ಭಾರವನ್ನು ಹೊರುತ್ತದೆ. ಅದರ ಚಲನೆಯ ವೇಗವನ್ನು ಹಿಡಿತದಲ್ಲಿಡುವುದು ಒಳಗಿನ ಎಣ್ಣೆ. ಈ ಹಿಡಿತವೇ ಡ್ಯಾಂಪಿಂಗ್. ಕುಗ್ಗುವಾಗಿನ ತಡೆಯನ್ನು ಕಂಪ್ರೆಷನ್ ಎಂದೂ ಮರಳಿ ಚಾಚುವಾಗಿನ ತಡೆಯನ್ನು ರೀಬೌಂಡ್ ಎಂದೂ ಕರೆಯುತ್ತಾರೆ. ಸಾಮಾನ್ಯ ಬೈಕುಗಳಲ್ಲಿ ಇವನ್ನು ಬದಲಿಸುವ ಸ್ಕ್ರೂ ಇರುವುದಿಲ್ಲ, ದುಬಾರಿ ಕ್ರೀಡಾ ಮತ್ತು ಸಾಹಸ ಬೈಕುಗಳಲ್ಲಿ ಇರುತ್ತದೆ. ಅಂತಹ ಬೈಕಿದ್ದರೆ ಮೊದಲು ಸ್ಕ್ರೂವನ್ನು ಬಲಕ್ಕೆ, ಕ್ಲಿಕ್‌ಗಳನ್ನು ಎಣಿಸುತ್ತ, ಮೆಲ್ಲಗೆ ಕೊನೆಯವರೆಗೆ ತಿರುಗಿಸಿ. ತಾಗಿದ ಮೇಲೆ ಬಲ ಹಾಕಬೇಡಿ. ಎಣಿಕೆಯನ್ನು ಬರೆದಿಟ್ಟುಕೊಂಡು ಅಷ್ಟೇ ಕ್ಲಿಕ್ ಎಡಕ್ಕೆ ತಿರುಗಿಸಿದರೆ ಮೊದಲಿನ ಸ್ಥಾನ ಮರಳಿ ಸಿಗುತ್ತದೆ. ಈ ಅಂಕಿ ಕೈಯಲ್ಲಿದ್ದರೆ ಏನೇ ಹೆಚ್ಚು ಕಡಿಮೆಯಾದರೂ ಹಿಂದಿರುಗುವ ದಾರಿ ಇರುತ್ತದೆ.

ಎರೆ ಮಣ್ಣಿನ ಮೇಲೆ ಹಾಕಿದ ರಸ್ತೆಗಳನ್ನು ಬಲ್ಲವರಿಗೆ ರೀಬೌಂಡಿನ ಮಹತ್ವ ಬೇಗ ಅರಿವಾಗುತ್ತದೆ. ಆ ಮಣ್ಣು ಮಳೆಗೆ ಹಿಗ್ಗಿ ಬಿಸಿಲಿಗೆ ಕುಗ್ಗುವುದರಿಂದ, ಸಿರುಗುಪ್ಪ ಮತ್ತು ಸಿಂಧನೂರಿನ ಕಡೆ ಒಂದೂ ಗುಂಡಿಯಿಲ್ಲದ ಡಾಂಬರು ಕೂಡ ಅಲೆಅಲೆಯಾಗಿ ಏರಿಳಿದಿರುತ್ತದೆ. ಅಲ್ಲಿ ರೀಬೌಂಡ್ ತೀರ ಸಡಿಲವಿದ್ದರೆ ಬೈಕು ಒಂದು ಏರು ದಾಟಿದ ಮೇಲೂ ತೊಟ್ಟಿಲಿನಂತೆ ತೂಗುತ್ತಲೇ ಇರುತ್ತದೆ. ಬೈಕನ್ನು ನಿಲ್ಲಿಸಿ ಸೀಟನ್ನು ಬಲವಾಗಿ ಅದುಮಿ ಬಿಡಿ: ಅದು ಮೇಲೆದ್ದು ಒಮ್ಮೆಗೇ ನೆಲೆ ನಿಲ್ಲಬೇಕು. ಎದ್ದು, ಮತ್ತೆ ಕುಗ್ಗಿ, ಮತ್ತೆ ಎದ್ದರೆ ತಡೆ ಸಾಲದು. ಆದರೆ ಹೆಚ್ಚು ಬಿಗಿ ಮಾಡುವುದರಲ್ಲೂ ಅಪಾಯವಿದೆ, ಮತ್ತು ಅದು ಕಣ್ಣಿಗೆ ಬೇಗ ಬೀಳುವುದಿಲ್ಲ. ಊರೊಳಗೆ ಹೋಗುವಲ್ಲಿ ಸಾಲಾಗಿ ಹಾಕಿರುವ ಸಣ್ಣ ಹಂಪುಗಳ ಮೇಲೆ ಚಕ್ರ ಒಂದು ಹಂಪು ದಾಟಿ ಪೂರ್ತಿ ಚಾಚುವುದರೊಳಗೆ ಎರಡನೆಯದು ಬರುತ್ತದೆ, ಅದು ಮುಗಿಯುವುದರೊಳಗೆ ಮೂರನೆಯದು. ಹೀಗೆ ಶಾಕ್ ಅಬ್ಸಾರ್ಬರ್ ಹಂತಹಂತವಾಗಿ ಕೆಳಗೇ ಸಿಕ್ಕಿಕೊಂಡು, ಕೊನೆಯ ಹಂಪುಗಳು ಗಟ್ಟಿಯಾಗಿ ಬಡಿಯುತ್ತವೆ. ಮೊದಲ ಹಂಪು ಮೆತ್ತಗಿದ್ದು ಕೊನೆಯವು ಬಡಿದರೆ ರೀಬೌಂಡನ್ನು ಎರಡು ಕ್ಲಿಕ್ ಸಡಿಲಿಸಿ ನೋಡಿ. ಮೊದಲ ಹಂಪಿನಿಂದಲೇ ಬಡಿಯುತ್ತಿದ್ದರೆ ಕಂಪ್ರೆಷನ್ ಸಡಿಲಿಸಬೇಕಾಗಬಹುದು. ಒಂದು ಸಲಕ್ಕೆ ಒಂದೇ ಸ್ಕ್ರೂ, ಎರಡೇ ಕ್ಲಿಕ್, ಅದೇ ರಸ್ತೆ, ಅದೇ ವೇಗ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಮುಂದಿನ ಫೋರ್ಕು

ಹೆಚ್ಚಿನ ಬೈಕುಗಳ ಮುಂದಿನ ಫೋರ್ಕಿನಲ್ಲಿ ಹೊರಗಿನಿಂದ ತಿರುಗಿಸುವಂಥದ್ದು ಏನೂ ಇರುವುದಿಲ್ಲ. ಆದರೂ ಫೋರ್ಕಿನ ನಯವಾದ ಪೈಪಿಗೆ ಒಂದು ಸಣ್ಣ ಕೇಬಲ್ ಟೈ ಕಟ್ಟಿ, ಸೀಲಿನವರೆಗೆ ಕೆಳಗೆ ಸರಿಸಿಟ್ಟು, ನಿಮ್ಮ ಎಂದಿನ ದಾರಿಯಲ್ಲಿ ಓಡಿಸಿ ಬನ್ನಿ. ಫೋರ್ಕು ಎಲ್ಲಿಯವರೆಗೆ ಕುಗ್ಗಿತೆಂಬುದನ್ನು ಅದು ನಿಂತ ಜಾಗ ತೋರಿಸುತ್ತದೆ. ಗಟ್ಟಿ ಬ್ರೇಕ್ ಮತ್ತು ದೊಡ್ಡ ತಗ್ಗುಗಳ ನಂತರವೂ ಸ್ವಲ್ಪ ಚಲನೆ ಉಳಿದಿರಬೇಕು. ಪ್ರತಿಸಲವೂ ಕೊನೆ ಮುಟ್ಟುತ್ತಿದ್ದರೆ ಫೋರ್ಕಿನ ಎಣ್ಣೆ ಹಳೆಯದಾಗಿ ತೆಳುವಾಗಿರಬಹುದು ಅಥವಾ ಕಡಿಮೆಯಾಗಿರಬಹುದು. ಎಂಜಿನ್ ಆಯಿಲನ್ನು ತಪ್ಪದೆ ಬದಲಿಸುವವರೂ ಇದನ್ನು ಮರೆತುಬಿಡುವುದು ನೋಡಿದರೆ ಬೇಸರವಾಗುತ್ತದೆ. ಎಣ್ಣೆ ಬದಲಿಸುವಾಗ ಕೈಪಿಡಿ ಹೇಳಿದ ದರ್ಜೆಯನ್ನೇ, ಫೋರ್ಕಿನ ಎರಡೂ ಕಾಲಿಗೆ ಸರಿಸಮವಾಗಿ, ಅಳತೆಯ ಪಾತ್ರೆಯಿಂದ ಹಾಕಿಸಿ. ಗಟ್ಟಿಯಾಗಲೆಂದು ಹೆಚ್ಚು ಎಣ್ಣೆ ತುಂಬಿಸಿದರೆ ಒಳಗೆ ಗಾಳಿಗೆ ಉಳಿಯುವ ಜಾಗ ಕಡಿಮೆಯಾಗಿ, ಫೋರ್ಕು ಕೊನೆಯಲ್ಲಿ ತೀರ ಬಿರುಸಾಗುತ್ತದೆ ಮತ್ತು ಸೀಲು ಒಡೆಯುತ್ತದೆ. ನಮ್ಮ ಕೆಂಪು ಅದಿರು ಧೂಳು ಪೈಪಿಗೆ ಅಂಟಿ ಸೀಲನ್ನು ಕೊರೆಯುವುದರಿಂದ, ಬೈಕು ಒರೆಸುವಾಗ ಆ ಪೈಪನ್ನು ಮೆತ್ತನೆಯ ಒದ್ದೆ ಬಟ್ಟೆಯಿಂದ ಒರೆಸುವುದನ್ನು ರೂಢಿ ಮಾಡಿಕೊಳ್ಳಿ. ಸೀಲಿನಿಂದ ಇಳಿದ ಎಣ್ಣೆ ಬ್ರೇಕಿನ ಡಿಸ್ಕಿಗೆ ತಾಗಿದ್ದರೆ ಬ್ರೇಕ್ ಹಿಡಿಯುವುದಿಲ್ಲ. ಅಂತಹ ಬೈಕನ್ನು ದುರಸ್ತಿಯಾಗುವವರೆಗೆ ಓಡಿಸಲೇಬಾರದು.

ಹಿಂದಿನ ಶಾಕ್ ಅಬ್ಸಾರ್ಬರ್ ಎಣ್ಣೆ ಕಾರಿದ್ದರೆ ಅಥವಾ ಎಲ್ಲ ಹಂತದಲ್ಲೂ ತೂಗಾಡುತ್ತಿದ್ದರೆ ಅದರ ಆಯುಸ್ಸು ಮುಗಿದಿದೆ. ಒಳಗೆ ಒತ್ತಡದ ಗ್ಯಾಸ್ ತುಂಬಿರುವಂಥದ್ದನ್ನು ಬಿಚ್ಚುವುದು, ಬಿಸಿ ಮಾಡುವುದು, ವೆಲ್ಡಿಂಗ್ ಮಾಡಿಸುವುದು ಪ್ರಾಣಕ್ಕೇ ಅಪಾಯ. ಎರಡು ಶಾಕ್ ಅಬ್ಸಾರ್ಬರ್ ಇರುವ ಬೈಕಿನಲ್ಲಿ ಒಂದು ಹೋದರೂ ಜೋಡಿಯನ್ನೇ ಬದಲಿಸಿ, ಹೊಸದನ್ನು ಹಾಕಿಸಿದ ಮೇಲೆ ಮೂರೂ ಅಳತೆಗಳನ್ನು ಮೊದಲಿನಿಂದ ತೆಗೆಯಿರಿ.