ಗ್ಯಾಸ್ ಗೀಸರ್ ಹೊತ್ತಿಕೊಳ್ಳದಿದ್ದಾಗ ಮನೆಯಲ್ಲಿ ಪರೀಕ್ಷಿಸುವ ಕ್ರಮ

ಗ್ಯಾಸ್ ಗೀಸರ್ ಹೊತ್ತಿಕೊಳ್ಳದಿದ್ದರೆ ಬಹುತೇಕರು ಮೊದಲು ಸಿಲಿಂಡರನ್ನು ಅನುಮಾನಿಸುತ್ತಾರೆ. ಆದರೆ ಈ ಯಂತ್ರವನ್ನು ಚಾಲೂ ಮಾಡುವುದು ನೀರು. ನಲ್ಲಿ ತಿರುಗಿಸಿದಾಗ ಒಳಬರುವ ನೀರಿನ ಒತ್ತಡಕ್ಕೆ ಡಯಾಫ್ರಂ ಎಂಬ ರಬ್ಬರಿನ ತೆಳು ಪರದೆ ಉಬ್ಬಿ ಒಂದು ಕಡ್ಡಿಯನ್ನು ತಳ್ಳುತ್ತದೆ, ಅದರಿಂದ ಒಳಗಿನ ಪುಟ್ಟ ಸ್ವಿಚ್ ಕೆಲಸ ಮಾಡುತ್ತದೆ, ಆಗ ಸೆಲ್‌ಗಳ ಬಲದಿಂದ ಕಿಡಿ ಹಾರಿ ಗ್ಯಾಸಿನ ವಾಲ್ವ್ ತೆರೆದುಕೊಳ್ಳುತ್ತದೆ. ದೋಷ ಹುಡುಕುವವರೂ ಇದೇ ಕ್ರಮದಲ್ಲಿ ಸಾಗುವುದು ಲೇಸು.

ಅದಕ್ಕೂ ಮೊದಲು ಒಂದು ಮಾತು. ಗ್ಯಾಸಿನ ವಾಸನೆ ಬರುತ್ತಿದ್ದರೆ ಯಾವ ಪರೀಕ್ಷೆಯೂ ಬೇಡ. ವಿದ್ಯುತ್ ಸ್ವಿಚ್‌ಗಳನ್ನು ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಹೊರಗೆ ಹೋಗಿ ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಕರೆ ಮಾಡಬೇಕು. ಎಲ್‌ಪಿಜಿ ಗಾಳಿಗಿಂತ ಭಾರವಾದುದರಿಂದ ನೆಲದ ಮಟ್ಟದಲ್ಲೇ ಸೇರಿಕೊಂಡಿರುತ್ತದೆ.

ನಲ್ಲಿ ಬಿಟ್ಟಾಗ ಟಿಕ್ ಟಿಕ್ ಎಂಬ ಕಿಡಿಯ ಸದ್ದೇ ಕೇಳಿಸದಿದ್ದರೆ ದೋಷ ನೀರಿನಲ್ಲೋ ಸೆಲ್‌ಗಳಲ್ಲೋ ಇರುವ ಸಂಭವ ಹೆಚ್ಚು. ಬಕೆಟ್ಟಿನ ನಲ್ಲಿಗೆ ಹೊತ್ತಿಕೊಂಡು ಶವರ್‌ಗೆ ಮಾತ್ರ ಹೊತ್ತಿಕೊಳ್ಳದಿದ್ದರೆ ಒತ್ತಡ ಸಾಲದು ಎಂದೇ ತಿಳಿಯಬಹುದು. ಟ್ಯಾಂಕಿನ ಎತ್ತರ ಒಂದು ಮೀಟರ್ ಹೆಚ್ಚಿದರೆ ಸಿಗುವ ಒತ್ತಡ ಸುಮಾರು 0.1 ಬಾರ್ ಅಷ್ಟೇ. ಟ್ಯಾಂಕಿನ ಕೆಳಗೇ ಇರುವ ಮೇಲಂತಸ್ತಿನ ಮನೆಗಳಲ್ಲಿ ಈ ತೊಂದರೆ ಸಾಮಾನ್ಯ. ಒತ್ತಡ ಇದ್ದಕ್ಕಿದ್ದಂತೆ ಕುಗ್ಗಿದ್ದರೆ ಗೀಸರ್‌ಗೆ ತಣ್ಣೀರು ಬರುವ ಪೈಪಿನ ವಾಲ್ವ್ ಮುಚ್ಚಿ, ನಟ್ ಬಿಚ್ಚಿ, ಒಳಗಿನ ಜಾಲರಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಬೇಕು. ಬೋರ್‌ವೆಲ್ ನೀರಿನ ಮನೆಗಳಲ್ಲಿ ಶವರಿನ ರಂಧ್ರಗಳೂ ಬಿಳಿ ಪುಡಿಯಿಂದ ಕಟ್ಟಿಕೊಂಡಿರುತ್ತವೆ.

ಸೆಲ್‌ಗಳ ವಿಷಯದಲ್ಲಿ ಜಿಪುಣತನ ಸಲ್ಲದು. ಸಾಮಾನ್ಯವಾಗಿ 1.5 ವೋಲ್ಟ್‌ನ ಎರಡು ದಪ್ಪ ಸೆಲ್‌ಗಳಿರುತ್ತವೆ. ಎರಡನ್ನೂ ಒಟ್ಟಿಗೇ ಬದಲಿಸಿ, ಪೆಟ್ಟಿಗೆಯ ಸ್ಪ್ರಿಂಗಿಗೆ ಹಿಡಿದ ಕಿಲುಬನ್ನು ಒರೆಸಬೇಕು. ಸೆಲ್ ಕುಂದಿದಾಗ ಕಿಡಿ ಹಾರಿದರೂ ವಾಲ್ವ್ ತೆರೆದು ನಿಲ್ಲುವಷ್ಟು ಶಕ್ತಿ ಉಳಿದಿರುವುದಿಲ್ಲ, ಆದ್ದರಿಂದ ಸದ್ದು ಕೇಳಿಸಿತೆಂಬ ಮಾತ್ರಕ್ಕೆ ಸೆಲ್ ಚೆನ್ನಾಗಿದೆ ಎನ್ನಲಾಗದು.

ಹೊಸ ಸೆಲ್ ಹಾಕಿದರೂ ಬರೀ ಸದ್ದು ಬಂದು ಉರಿ ಬಾರದಿದ್ದರೆ ಆಗ ಗ್ಯಾಸಿನ ಕಡೆ ನೋಡಬೇಕು. ಗೀಸರ್‌ಗೆ ಒಲೆಗಿಂತ ಹಲವು ಪಟ್ಟು ಗ್ಯಾಸ್ ಬೇಕಾಗುವುದರಿಂದ, ಸಿಲಿಂಡರ್ ಮುಗಿಯುವ ಹೊತ್ತಿಗೆ ಅದೇ ಸಿಲಿಂಡರಿನಿಂದ ಒಲೆ ಉರಿದರೂ ಗೀಸರ್ ಉರಿಯದಿರಬಹುದು. ಹೊಸ ಸಿಲಿಂಡರ್ ಜೋಡಿಸಿದ ಮೇಲೆ ಪೈಪಿನಲ್ಲಿ ಗಾಳಿ ಉಳಿದಿದ್ದರೆ ನಡುನಡುವೆ ಬಿಡುವು ಕೊಟ್ಟು ನಲ್ಲಿಯನ್ನು ಕೆಲವು ಬಾರಿ ತೆರೆದು ಮುಚ್ಚಿದರೆ ಸಾಕು. ಸುಮಾರು 20 ನಿಮಿಷಕ್ಕೆ ತಾನೇ ಆರುವುದು ಅನೇಕ ಗೀಸರ್‌ಗಳಲ್ಲಿ ದೋಷವಲ್ಲ, ಸುರಕ್ಷತೆಗೆ ಇಟ್ಟ ಟೈಮರ್. ಹೊತ್ತಿದ ಕೆಲವೇ ಸೆಕೆಂಡಿನಲ್ಲಿ ಆರಿದರೆ ಉರಿಯನ್ನು ಗುರುತಿಸುವ ಕಡ್ಡಿಗೆ ಮಸಿ ಹಿಡಿದಿರಬಹುದು.

ಮನೆಯವರ ಕೆಲಸ ಇಲ್ಲಿಗೆ ನಿಲ್ಲಬೇಕು. ಉರಿ ಹಳದಿಯಾಗಿದ್ದರೆ, ಮಸಿ ಕಂಡರೆ, ಹೊತ್ತುವಾಗ ಢಬ್ಬೆಂದು ಸದ್ದಾದರೆ, ನಲ್ಲಿ ಮುಚ್ಚಿದ ಮೇಲೂ ಉರಿ ಆರದಿದ್ದರೆ, ರೆಗ್ಯುಲೇಟರ್ ಮುಚ್ಚಿ ತರಬೇತಿ ಪಡೆದ ಮೆಕ್ಯಾನಿಕ್ಕನ್ನು ಕರೆಸಬೇಕು. ಅರೆಬರೆ ಉರಿಯಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ; ಬಾಗಿಲು ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದು ತಲೆಸುತ್ತು ತರಿಸಿ, ಎಚ್ಚರ ತಪ್ಪಿಸಿ, ಪ್ರಾಣವನ್ನೇ ತೆಗೆಯಬಲ್ಲದು. ಗೀಸರ್ ಬಚ್ಚಲೊಳಗೇ ಇದ್ದರೆ, ಹೇಗೂ ಮೆಕ್ಯಾನಿಕ್ ಬಂದಿರುವಾಗ ಅದನ್ನು ಗಾಳಿಯಾಡುವ ಹೊರಗಿನ ಜಾಗಕ್ಕೆ ಸ್ಥಳಾಂತರಿಸುವ ಖರ್ಚನ್ನು ಕೇಳಿಯೇಬಿಡುವುದು ಒಳಿತು. ರಿಪೇರಿ ಮುಗಿದ ಮೇಲೆ ಗ್ಯಾಸ್ ಪೈಪಿನ ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿಸಿ, ಗುಳ್ಳೆ ಏಳುವುದಿಲ್ಲವೆಂದೂ ಉರಿ ನೀಲಿಯಾಗಿದೆಯೆಂದೂ ಕಣ್ಣಾರೆ ನೋಡಿಯೇ ಹಣ ಕೊಡಿ.