ಶೂ ಡಬ್ಬದಲ್ಲಿ ಒಂದು ಕಣ್ಣು ಮಾಡಿ ನೋಡಿ

ಹಳೇ ಹೆಂಚಿನ ಮನೆಯಲ್ಲಿ ಮಧ್ಯಾಹ್ನ ನೆಲದ ಮೇಲೆ ದುಂಡನೆಯ ಬಿಸಿಲ ಬಿಲ್ಲೆಗಳು ಬೀಳುತ್ತವೆ, ನೋಡಿದ್ದೀರಲ್ವಾ? ಹೆಂಚಿನ ಸಂದಿ ಸೊಟ್ಟಗಿದ್ದರೂ ಬಿಲ್ಲೆ ಮಾತ್ರ ದುಂಡಗೇ ಇರುತ್ತದೆ. ಯಾಕೆಂದರೆ ಅದು ಸಂದಿಯ ಆಕಾರವಲ್ಲ, ಸೂರ್ಯನ ಚಿತ್ರ. ಸೂರ್ಯನಿಗೆ ಅರ್ಧ ಗ್ರಹಣ ಹಿಡಿದ ದಿನ ಹೊಂಗೆ ಮರದ ನೆರಳನ್ನು ನೋಡಿ, ಎಲೆಗಳ ಸಂದಿಯಿಂದ ಬಿದ್ದ ಬಿಲ್ಲೆಗಳೆಲ್ಲ ಕುಡುಗೋಲಿನ ಹಾಗೆ ಬಾಗಿರುತ್ತವೆ. ನಮ್ಮ ಕಣ್ಣು ಕೆಲಸ ಮಾಡುವುದೂ ಹೆಚ್ಚುಕಡಿಮೆ ಹೀಗೇ. ಓದಿ ತಿಳಿಯುವುದಕ್ಕಿಂತ ಮಾಡಿ ನೋಡುವುದು ಮೇಲು.

ಸುಮಾರು 30 ಸೆಂಟಿಮೀಟರ್ ಉದ್ದದ ಶೂ ಡಬ್ಬ ತೆಗೆದುಕೊಳ್ಳಿ. ಒಂದು ತುದಿಯಲ್ಲಿ ಬೆಂಕಿಪೊಟ್ಟಣದಷ್ಟು ಕಿಂಡಿ ಕೊರೆದು, ಅದರ ಮೇಲೆ ಚಪಾತಿ ಸುತ್ತುವ ಫಾಯಿಲ್ ಅಂಟಿಸಿ. ಫಾಯಿಲ್ ನಡುವೆ ಹೊಲಿಗೆ ಸೂಜಿಯಿಂದ ಒಂದೇ ಒಂದು ತೂತು. ರಟ್ಟಿಗೇ ಚುಚ್ಚಬೇಡಿ, ಅಂಚು ಒರಟಾಗಿ ಚಿತ್ರ ಮಸುಕಾಗುತ್ತದೆ. ಇನ್ನೊಂದು ತುದಿಯ ರಟ್ಟನ್ನು ಪೂರ್ತಿ ಕತ್ತರಿಸಿ ಬಟರ್ ಪೇಪರ್ ಬಿಗಿಯಾಗಿ ಎಳೆದು ಅಂಟಿಸಿ. ಮುಚ್ಚಳ ಹಾಕಿ, ಸಂದಿಗಳಿಗೆಲ್ಲ ಕಪ್ಪು ಟೇಪು ಸುತ್ತಿ. ಬೆಳಕು ತೂತಿನಿಂದ ಮಾತ್ರ ಒಳಗೆ ಬರಬೇಕು.

ಈಗ ಟೆರೇಸಿಗೆ ಹೋಗಿ. ತೂತನ್ನು ಬಿಸಿಲಲ್ಲಿರುವ ತೆಂಗಿನ ಮರದ ಕಡೆ ತಿರುಗಿಸಿ, ತಲೆಯ ಮೇಲೆ ದಪ್ಪ ಕಂಬಳಿ ಹೊದ್ದು ಬಟರ್ ಪೇಪರ್ ನೋಡಿ. ಸೂರ್ಯನ ಕಡೆ ಮಾತ್ರ ಬೇಡವೇ ಬೇಡ. ಒಂದು ನಿಮಿಷ ಕಾಯಿರಿ, ಕಣ್ಣು ಕತ್ತಲೆಗೆ ಒಗ್ಗಬೇಕು. ನಮ್ಮ ಅಕ್ಕನ ಮಗಳು ಮೊದಲ ಸಲ ನೋಡಿದಾಗ "ಮಾಮ, ಮರ ನೇತಾಡ್ತಿದೆ!" ಎಂದು ಕೂಗಿಬಿಟ್ಟಳು. ಗರಿಗಳು ಕೆಳಗೆ, ಬುಡ ಮೇಲೆ. ಎಡಕ್ಕೆ ಹಾರಿದ ಕಾಗೆ ಕಾಗದದ ಮೇಲೆ ಬಲಕ್ಕೆ ಹೋಯಿತು. ಬಣ್ಣ ಕೂಡ ಹಾಗೇ ಇತ್ತು.

ಬೆಳಕು ನೆಟ್ಟಗೆ ಹೋಗುತ್ತದೆ, ಅಷ್ಟೇ ಕಾರಣ. ಮರದ ತುದಿಯಿಂದ ಇಳಿದು ಬಂದ ಬೆಳಕು ತೂತು ದಾಟಿ ಕೆಳಗೇ ಬೀಳುತ್ತದೆ. ಬುಡದ್ದು ಮೇಲಕ್ಕೇರುತ್ತದೆ. ಲೆಕ್ಕವೂ ಸುಲಭ: 36 ಮೀಟರ್ ದೂರದ 12 ಮೀಟರ್ ಮರ ಈ ಡಬ್ಬದಲ್ಲಿ 10 ಸೆಂಟಿಮೀಟರ್ ಕಾಣುತ್ತದೆ.

ತೂತನ್ನು ಪೆನ್ಸಿಲ್‌ನಿಂದ ದೊಡ್ಡದು ಮಾಡಿ. ಬೆಳಕು ಜಾಸ್ತಿಯಾಗುತ್ತದೆ, ಆದರೆ ಮರ ಕಲಸಿಹೋಗುತ್ತದೆ. ಬೆಳಕೂ ಬೇಕು, ಚಿತ್ರವೂ ಸ್ಪಷ್ಟವಾಗಬೇಕು ಅಂದರೆ ಮಸೂರ ಬೇಕೇ ಬೇಕು. ಕಣ್ಣಿನಲ್ಲಿ ಇರುವುದೂ ಅದೇ. ಕಣ್ಣುಗುಡ್ಡೆ ಸುಮಾರು 24 ಮಿಲಿಮೀಟರ್ ಅಗಲದ ಡಬ್ಬ. ಪಾಪೆ ಅದರ ತೂತು, ಬಿಸಿಲಲ್ಲಿ 2 ಮಿಲಿಮೀಟರಿಗೆ ಕುಗ್ಗಿ, ಕತ್ತಲಲ್ಲಿ 7-8ರವರೆಗೂ ಹಿಗ್ಗುತ್ತದೆ. ಬೆಳಕನ್ನು ಬಾಗಿಸುವ ಕೆಲಸದಲ್ಲಿ ಮೂರನೇ ಎರಡು ಪಾಲು ಮುಂದಿನ ಪಾರದರ್ಶಕ ಪೊರೆ ಕಾರ್ನಿಯಾದ್ದು. ಮಿಕ್ಕಿದ್ದನ್ನು ಒಳಗಿನ ಮಸೂರ ನೋಡಿಕೊಳ್ಳುತ್ತದೆ. ಹಿಂದಿನ ಗೋಡೆಯ ರೆಟಿನಾನೇ ನಮ್ಮ ಬಟರ್ ಪೇಪರ್. ಅಲ್ಲೂ ಚಿತ್ರ ತಲೆಕೆಳಗಾಗೇ ಬೀಳುತ್ತದೆ, ಮಿದುಳು ಅದನ್ನು ನೆಟ್ಟಗೆ ಅರ್ಥ ಮಾಡಿಕೊಳ್ಳುತ್ತದೆ.

ದೂರದ್ದು ಕಾಣದೆ ಕನ್ನಡಕ ಹಾಕುವವರು ಇನ್ನೊಂದು ಮಾಡಿ. ಕನ್ನಡಕ ತೆಗೆದು, ಫಾಯಿಲ್‌ನಲ್ಲಿ ಸೂಜಿ ತೂತು ಮಾಡಿ ಕಣ್ಣಿನ ಹತ್ತಿರ ಹಿಡಿದು ಬಸ್ಸಿನ ಬೋರ್ಡು ನೋಡಿ. ಮಬ್ಬಾಗಿದ್ದ 'ಚಾಮುಂಡಿ ಬೆಟ್ಟ' ಓದಲು ಬರುತ್ತದೆ! ಅವರ ಕಣ್ಣುಗುಡ್ಡೆ ಸಾಮಾನ್ಯವಾಗಿ ಸ್ವಲ್ಪ ಉದ್ದ ಇರುತ್ತದೆ, ಚಿತ್ರ ರೆಟಿನಾಗೆ ಮುಂಚೆಯೇ ಮೂಡಿಬಿಡುತ್ತದೆ. ಸಣ್ಣ ತೂತು ಆ ಹರಡುವ ಬೆಳಕನ್ನು ತಡೆಯುತ್ತದೆ. ಕಣ್ಣಿನ ಡಾಕ್ಟರ ಹತ್ತಿರ ತೂತುಗಳಿರುವ ಕಪ್ಪು ತಟ್ಟೆ ಇರುವುದು ಇದಕ್ಕೇ.

ಭಾನುವಾರ ಸಂಜೆ ಮೈಸೂರು ಅರಮನೆಯ ದೀಪ ನೋಡಲು ಹೋದರೆ ಒಂದು ಭೂತಗನ್ನಡಿ, ಒಂದು ಹಾಳೆ ಬಟರ್ ಪೇಪರ್ ಜೊತೆಗಿರಲಿ. ಭೂತಗನ್ನಡಿಯನ್ನು ಅರಮನೆಯ ಕಡೆ ಹಿಡಿದು, ಹಿಂದೆ ಕಾಗದವನ್ನು ನಿಧಾನವಾಗಿ ಹಿಂದೆ ಮುಂದೆ ಸರಿಸಿ. ಒಂದು ಜಾಗದಲ್ಲಿ ಸುಮಾರು ಒಂದು ಲಕ್ಷ ದೀಪಗಳ ಅರಮನೆ, ಗೋಪುರ ಕೆಳಗಾಗಿ, ಅಂಗೈಯಲ್ಲಿ ಹೊಳೆಯುತ್ತದೆ.