ಹಳೆ ಕಾರಿನ ಮೂಲ ಬಣ್ಣ ಪತ್ತೆ ಹಚ್ಚುವುದು ಹೇಗೆ?

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಗಳ ಶೆಡ್ಡಿನಲ್ಲಿ ಹಳೆ ಅಂಬಾಸಿಡರ್, ಫಿಯೆಟ್, ಜೀಪು ಇನ್ನೂ ನಿಂತಿರುವುದುಂಟು. ಈಗ ಮಕ್ಕಳು, ಮೊಮ್ಮಕ್ಕಳು ಅವನ್ನು ಹೊರಗೆಳೆದು ಸರಿ ಮಾಡಿಸುತ್ತಿದ್ದಾರೆ. ತುಂಬಾ ಒಳ್ಳೆಯ ಕೆಲಸ. ಇಂಜಿನ್ ಆಗುತ್ತದೆ, ಟಿಂಕರಿಂಗ್ ಆಗುತ್ತದೆ, ಆಮೇಲೆ ಪೇಂಟರ್ ಕೇಳುತ್ತಾರೆ, "ಬಣ್ಣ ಯಾವುದು?" ಅಜ್ಜಿ ತಿಳಿ ನೀಲಿ ಅನ್ನುತ್ತಾರೆ, ದೊಡ್ಡಪ್ಪ ಬೂದಿ ಅನ್ನುತ್ತಾರೆ. ಅಷ್ಟು ಹೊತ್ತಿಗೆ ಹಳೆ ಬಣ್ಣವನ್ನೆಲ್ಲ ಕೆರೆದು ತೆಗೆದಾಗಿರುತ್ತದೆ!

ಹಾಗಾಗಿ ಮೊದಲ ಮಾತು ಇದು: ಟಿಂಕರಿಂಗ್‌ಗೆ ಕೊಡುವ ಮೊದಲೇ ಬಣ್ಣ ಹುಡುಕಿ. ಕಾರಿನ ನಿಜವಾದ ಬಣ್ಣ ಕಾರಿನಲ್ಲೇ ಎಲ್ಲೋ ಉಳಿದಿರುತ್ತದೆ.

ಕಾಗದದಲ್ಲಿ ಸಿಗುವುದು ಸ್ವಲ್ಪ

ಆರ್‌ಸಿಯಲ್ಲಿ ಬಣ್ಣದ ಹೆಸರು ಇರುತ್ತದೆ. ಆದರೆ 'ನೀಲಿ' ಅಂತ ಬರೆದರೆ ಯಾವ ನೀಲಿ? ಆಲ್ಬಮ್‌ನ ಫೋಟೊ ಕೂಡ ಅಷ್ಟೆ. ಹಳೆ ಕಲರ್ ಪ್ರಿಂಟುಗಳ ಬಣ್ಣ ಮಾಸಿರುತ್ತದೆ. ಟಾಪ್ ಬೇರೆ ಬಣ್ಣದ್ದಾಗಿತ್ತೇ ಅನ್ನುವುದನ್ನು ತಿಳಿಯಲು ಮಾತ್ರ ಫೋಟೊ ಸಾಕು. ಹೊರದೇಶದ ಕಾರಾದರೆ ಬಣ್ಣದ ಕೋಡ್ ಹುಡುಕಿ. ಫೋಕ್ಸ್‌ವ್ಯಾಗನ್ ಬೀಟಲ್‌ನ ಕೋಡ್ 'ಎಲ್' ಅಕ್ಷರದಿಂದ ಶುರುವಾಗುತ್ತದೆ. ಎಲ್ 87 ಅಂದರೆ ಪರ್ಲ್ ವೈಟ್. ಅಂಗಡಿಯಲ್ಲಿ ಬರೀ ಹೆಸರು ಹೇಳಬೇಡಿ, ಕೋಡ್ ಕೊಡಿ. ಇಲ್ಲದಿದ್ದರೆ ಈಗಿನ ಮಿಂಚುವ ಪರ್ಲ್ ಪೇಂಟ್ ಕೊಟ್ಟುಬಿಡುತ್ತಾರೆ. ಆ ಬೀಟಲ್‌ನದ್ದು ಮಿಂಚಿಲ್ಲದ ಮಾಸಲು ಬಿಳಿ.

ಎಲ್ಲಿ ಹುಡುಕಬೇಕು?

ಬಿಸಿಲು ಬೀಳದ, ಪೇಂಟರ್‌ನ ಸ್ಪ್ರೇ ಗನ್ನೂ ತಲುಪದ ಜಾಗಗಳನ್ನು ನೋಡಿ. ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದರೆ ಅದರಡಿ ಒಂದು ಪಟ್ಟಿ ಸಿಗುತ್ತದೆ. ಬಾಗಿಲಿನ ಒಳಬದಿಯ ರೆಕ್ಸಿನ್ ಪ್ಯಾನೆಲ್ ಹಿಂದೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವಲ್ಲಿ, ಬ್ಯಾಡ್ಜ್‌ಗಳ ಹಿಂದೆ ಕೂಡ ನೋಡಿ. ಬಾನೆಟ್ ಒಳಗಿನದ್ದನ್ನು ನಾನು ಕೊನೆಗೆ ನೋಡುತ್ತೇನೆ. ಇಂಜಿನ್ನಿನ ಬಿಸಿ, ಆಯಿಲ್ ಸೇರಿ ಅಲ್ಲಿ ಬಣ್ಣ ಕೆಟ್ಟಿರುತ್ತದೆ. ಧೂಳು, ಜಿಡ್ಡು ಇದ್ದರೆ ಸಾಬೂನು ನೀರಿನಲ್ಲಿ ಒರೆಸಿ. ಥಿನ್ನರ್ ಬೇಡ. ಹಳೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಥಿನ್ನರಿಗೆ ಕರಗಿ ಬಟ್ಟೆಗೇ ಬಂದುಬಿಡುತ್ತದೆ.

ಮೇಲೆ ಮೇಲೆ ಬಣ್ಣ ಹೊಡೆದಿದ್ದರೆ 800 ನಂಬರ್ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಸ್ಯಾಂಡ್ ಪೇಪರ್) ತಗೊಳ್ಳಿ. ಪೇಪರ್, ಜಾಗ ಎರಡೂ ಒದ್ದೆ ಇರಲಿ. ಬೆರಳ ತುದಿಯಿಂದ ವೃತ್ತಾಕಾರವಾಗಿ ನಿಧಾನಕ್ಕೆ ಉಜ್ಜಿ. ನಡುವೆ ಜಾಸ್ತಿ, ಅಂಚಿಗೆ ಕಡಿಮೆ. ಸ್ವಲ್ಪ ಹೊತ್ತಿನಲ್ಲಿ ಮರದ ಕಾಂಡ ಕೊಯ್ದಾಗ ಕಾಣುವ ಹಾಗೆ ಉಂಗುರಗಳು ಮೂಡುತ್ತವೆ: ಹೊರಗೆ ಈಗಿನ ಬಿಳಿ, ಒಳಗೆ ಒಂದು ಹಸಿರು, ಅದರೊಳಗೆ ತೆಳು ಬೂದಿ, ಮಧ್ಯೆ ಪ್ರೈಮರ್, ಕೊನೆಗೆ ತಗಡು. ಹಿಂದೆ ಟ್ಯಾಕ್ಸಿಯಾಗಿ ಓಡಿದ ಅಂಬಾಸಿಡರ್ ಆದರೆ ಕಪ್ಪು, ಹಳದಿ ಕೂಡ ಸಿಗಬಹುದು. ಎಲ್ಲಕ್ಕಿಂತ ಕೆಳಗಿನ ಪ್ರೈಮರ್ ಮೇಲೆ ನೇರವಾಗಿ ಕೂತ ಬಣ್ಣವೇ ಫ್ಯಾಕ್ಟರಿಯದ್ದು. ಪುಟ್ಟಿ ಕಂಡರೆ ಆ ಜಾಗ ಬಿಡಿ, ಅಲ್ಲಿ ಮೊದಲೇ ರಿಪೇರಿ ಆಗಿದೆ. ಬೇರೆ ಬೇರೆ ಮೂರು ಕಡೆಯಾದರೂ ಒಂದೇ ಬಣ್ಣ ಬಂದರೆ ಮಾತ್ರ ನಂಬಿ.

ಹಳೆ ಪೇಂಟನ್ನು ಒಣಗಿದ್ದ ಹಾಗೆಯೇ, ನೀರು ಹಾಕದೆ ಉಜ್ಜಲೇಬೇಡಿ. ಆ ಕಾಲದ ಹಳದಿ, ಕೆಂಪು ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ನೀರು ಹಾಕಿಯೇ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ.

ಸಿಕ್ಕಿದ ಬಣ್ಣವೂ ಸ್ವಲ್ಪ ಬದಲಾಗಿರುತ್ತದೆ

ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಹೊರಗಿನ ಬಣ್ಣ ಬಿಸಿಲಿಗೆ ಮಾಸುತ್ತದೆ, ಕೆಂಪು ಎಲ್ಲಕ್ಕಿಂತ ಬೇಗ. ಮೇಲೆ ಸುಣ್ಣದ ಹುಡಿಯಂಥ ಪದರ ಬರುತ್ತದೆ. ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿದರೆ ಅದು ಹೋಗಿ ಅಡಿಯ ಬಣ್ಣ ಕಾಣುತ್ತದೆ. ಆದರೆ ಕತ್ತಲೆಯಲ್ಲಿದ್ದ ಬಣ್ಣಕ್ಕೆ ಬೇರೆಯೇ ತೊಂದರೆ. ಸಿಂಥೆಟಿಕ್ ಎನಾಮೆಲ್ ಬೆಳಕಿಲ್ಲದ ಜಾಗದಲ್ಲಿ ಹಳದಿಯಾಗುತ್ತಾ ಹೋಗುತ್ತದೆ. ಪ್ಯಾನೆಲ್ ಹಿಂದೆ ಸಿಕ್ಕಿದ ಬಿಳಿಯನ್ನು ಹಾಗೆಯೇ ಮ್ಯಾಚ್ ಮಾಡಿಸಿದರೆ ಕಾರು ಕ್ರೀಮ್ ಬಣ್ಣಕ್ಕೆ ಬರುತ್ತದೆ, ತಿಳಿ ನೀಲಿ ಹಸಿರಿಗೆ ತಿರುಗುತ್ತದೆ. ಇದಕ್ಕೆ ಸುಲಭದ ದಾರಿಯಿದೆ. ಕಳಚಲು ಬರುವ ತಗಡಿನ ಭಾಗವೊಂದನ್ನು, ಉದಾಹರಣೆಗೆ ಗ್ಲವ್ ಬಾಕ್ಸ್ ಮುಚ್ಚಳವನ್ನು, ಅಂಗಳದಲ್ಲಿ ಕೆಲವು ದಿನ ಬಿಸಿಲಿಗಿಡಿ. ಅರ್ಧ ಭಾಗಕ್ಕೆ ದಪ್ಪ ಕಾಗದ ಮುಚ್ಚಿ. ಕಾಗದ ತೆಗೆದಾಗ ಎರಡು ಭಾಗಕ್ಕೂ ವ್ಯತ್ಯಾಸ ಕಂಡರೆ, ಬಿಸಿಲು ತಿಂದ ಭಾಗವೇ ಹೊಸದಿದ್ದಾಗಿನ ಬಣ್ಣಕ್ಕೆ ಹತ್ತಿರ.

ಮಿಕ್ಸಿಂಗ್ ಅಂಗಡಿಯಲ್ಲಿ

ಆ ತುಂಡನ್ನೇ 2000 ನಂಬರ್ ಪೇಪರಿನಲ್ಲಿ ನಯ ಮಾಡಿ, ಪಾಲಿಶ್ ಕೊಟ್ಟು, ಕಾಸರಗೋಡಿಗೋ ಮಂಗಳೂರಿಗೋ ಒಯ್ಯಿರಿ. ಮೊಬೈಲ್ ಫೋಟೊ ಉಪಯೋಗಕ್ಕೆ ಬಾರದು. ಸ್ಕ್ಯಾನರ್ ಯಂತ್ರಕ್ಕೆ ಚಪ್ಪಟೆಯಾದ, ಹೊಳೆಯುವ ಜಾಗ ಬೇಕು. ಅದು ಕೊಡುವ ಫಾರ್ಮುಲಾ ಆರಂಭ ಮಾತ್ರ. ಮುಂದಿನದ್ದು ಮಿಕ್ಸ್ ಮಾಡುವವರ ಕಣ್ಣಿಗೆ ಬಿಟ್ಟದ್ದು. ಅನುಭವಿಗಳು ಸಿಕ್ಕಿದರೆ ಅವಸರ ಮಾಡದೆ ಪಕ್ಕದಲ್ಲೇ ನಿಲ್ಲಿ. ಬಿಳಿ, ಕ್ರೀಮ್ ಬಣ್ಣಗಳಲ್ಲಿ ಒಂದೆರಡು ಹನಿ ಕಪ್ಪು, ಹಳದಿ ಟಿಂಟರ್ (ಛಾಯೆ ಬರಿಸಲು ಬೆರೆಸುವ ಗಾಢ ಬಣ್ಣ) ಹೆಚ್ಚಾದರೂ ಗೊತ್ತಾಗುತ್ತದೆ.

ಡಬ್ಬದಲ್ಲಿರುವ ಒದ್ದೆ ಬಣ್ಣ ನೋಡಿ ಒಪ್ಪಬೇಡಿ. ಒಣಗಿದ ಮೇಲೆ ಸಾಮಾನ್ಯವಾಗಿ ಸ್ವಲ್ಪ ಗಾಢವಾಗುತ್ತದೆ. ಒಂದು ತಗಡಿಗೆ ಕಾರಿಗೆ ಹಾಕುವ ಪ್ರೈಮರನ್ನೇ ಹಾಕಿ, ಅದೇ ಗನ್ನಿನಲ್ಲಿ, ಅಷ್ಟೇ ಕೋಟ್ ಹೊಡೆಸಿ. ಕೆಂಪು ಬಣ್ಣದ ರೆಡ್ ಆಕ್ಸೈಡ್ ಪ್ರೈಮರ್ ಮೇಲೂ ಬೂದಿ ಪ್ರೈಮರ್ ಮೇಲೂ ತೆಳುವಾಗಿ ಹೊಡೆದ ಬಣ್ಣ ಒಂದೇ ಥರ ಕಾಣುವುದಿಲ್ಲ. ಮರುದಿನ ಆ ತಗಡನ್ನು ಮೂಲ ತುಂಡಿಗೆ ತಾಗಿಸಿ ಹಿಡಿದು ನೋಡಿ.

ಎಲ್ಲಿ ನಿಂತು ನೋಡುತ್ತೀರಿ ಅನ್ನುವುದು ಮುಖ್ಯ. ನಮ್ಮ ಊರಿನಲ್ಲಿ ಇದಕ್ಕೆ ಜಾಗ ಸಿಗುವುದು ಸ್ವಲ್ಪ ಕಷ್ಟ. ಅಡಕೆ ತೋಟದ ಬದಿಯಲ್ಲಿ ಎಲ್ಲದಕ್ಕೂ ಹಸಿರು ಹತ್ತುತ್ತದೆ. ಮುರಕಲ್ಲಿನ ಗೋಡೆಯ ಹತ್ತಿರ ಕೆಂಪು. ನೀಲಿ ಟರ್ಪಾಲಿನ ಶೆಡ್ಡಿನಲ್ಲಂತೂ ಬಿಳಿಯೂ ನೀಲಿಯೇ. ತೆರೆದ ಅಂಗಳದ ನಡುವೆ, ತೆಳು ಮೋಡ ಇರುವಾಗ ನೋಡಿದರೆ ಒಳ್ಳೆಯದು. ಹಾಕಿಕೊಂಡ ಅಂಗಿ ಕಡು ಬಣ್ಣದ್ದಾಗಿರದಿರಲಿ. ಆಮೇಲೆ ಟ್ಯೂಬ್‌ಲೈಟ್ ಅಡಿಯಲ್ಲಿ ಇನ್ನೊಮ್ಮೆ ನೋಡಿ. ಹಗಲಲ್ಲಿ ಒಂದೇ ಥರ ಕಂಡ ಎರಡು ಬಣ್ಣ ಅಲ್ಲಿ ಬೇರೆಯಾಗಿ ಕಂಡರೆ ಅವುಗಳಲ್ಲಿರುವ ಪಿಗ್ಮೆಂಟ್ ಬೇರೆ ಎಂದರ್ಥ. ಟಿಂಟರ್ ಬದಲಿಸಲು ಹೇಳಿ.

ಯಾವ ಪೇಂಟ್, ಯಾವಾಗ?

ಎನ್‌ಸಿ ಪೇಂಟಿನ ಹಳೆ ಕಾಲದ ಹೊಳಪು ಚೆಂದವೇ. ಆದರೆ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ತೇವದ ದಿನ ಅದನ್ನು ಹೊಡೆದರೆ ಮೇಲೆ ಬಿಳಿ ಮಂಜು ಕೂರುತ್ತದೆ. ಮೇಲೆ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಹೊಳಪಿನ ಪದರ) ಇಲ್ಲದ ಪಿಯು (ಪಾಲಿಯುರಿಥೇನ್) ಪೇಂಟ್ ನನಗೆ ಸರಿ ಅನ್ನಿಸುತ್ತದೆ. ಅದು ಗಟ್ಟಿ, ನೋಟವೂ ಹಳೆ ಕಾರಿಗೆ ಒಪ್ಪುತ್ತದೆ. ಕ್ಲಿಯರ್ ಹಾಕಿದರೆ ಗಾಜು ಹೊದೆಸಿದ ಹಾಗಾಗಿ, ಬಣ್ಣ ಸರಿಯಿದ್ದರೂ ಕಾರು ಹೊಸದರಂತೆ ಕಾಣುತ್ತದೆ. ಪಿಯು ಪೇಂಟ್ ಗಟ್ಟಿಯಾಗಲು ಬೆರೆಸುವ ಹಾರ್ಡನರಿನ ಹೊಗೆ ಶ್ವಾಸಕೋಶಕ್ಕೆ ತುಂಬಾ ಕೆಟ್ಟದು. ಮುಖಕ್ಕೆ ಬಟ್ಟೆ ಕಟ್ಟಿದರೆ ಸಾಲದು, ಪೇಂಟರಿಗೆ ಸರಿಯಾದ ಮಾಸ್ಕ್ ಕೊಡಿಸಿ. ಡಿಸೆಂಬರಿನಿಂದ ಫೆಬ್ರವರಿಯೊಳಗೆ ಕೆಲಸ ಮುಗಿಸಿದರೆ ಒಳ್ಳೆಯದು.

ಸಿಕ್ಕಿದ ಮೂಲ ಬಣ್ಣ ಆರ್‌ಸಿಯಲ್ಲಿರುವುದಕ್ಕಿಂತ ಬೇರೆಯಾದರೆ ಆರ್‌ಟಿಒದಲ್ಲಿ ತಿದ್ದಿಸಿಕೊಳ್ಳಬೇಕು. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ವಾಹನ ಮೂಲ ರೂಪದಲ್ಲಿರಬೇಕು ಅನ್ನುವುದು ಶರತ್ತು. ಮೂಲ ಬಣ್ಣಕ್ಕೆ ಸಾಕ್ಷಿಯಾಗಿ, ಉಜ್ಜಿದಾಗ ಮೂಡಿದ ಉಂಗುರಗಳ ಫೋಟೊ ತೆಗೆದಿಟ್ಟುಕೊಳ್ಳಿ.

ಇಡೀ ಕಾರಿಗೆ ಬೇಕಾದ ಬಣ್ಣವನ್ನು ಒಂದೇ ಸಲ ಮಿಕ್ಸ್ ಮಾಡಿಸಿ. ಡಬ್ಬಗಳು ಹಲವಿದ್ದರೆ ಎಲ್ಲವನ್ನೂ ಒಂದು ಬಕೆಟ್ಟಿಗೆ ಹಾಕಿ ಕಲಸಿ. ಅರ್ಧ ಲೀಟರನ್ನು ಹಾರ್ಡನರ್ ಸೇರಿಸದೆ, ಗಾಳಿಯಾಡದಂತೆ ಮುಚ್ಚಿ ತೆಗೆದಿಡಿ. ಫಾರ್ಮುಲಾ, ತಾರೀಕು, ಪ್ರೈಮರಿನ ಹೆಸರು ಬರೆದ ಚೀಟಿಯನ್ನು ಡಬ್ಬಕ್ಕೆ ಅಂಟಿಸಿ, ಇನ್ನೊಂದನ್ನು ಆರ್‌ಸಿ ಜೊತೆ ಇಡಿ.